ಸಣ್ಣಗೆ ಹುಟ್ಟಿದ ಕೂಸನ್ನು ಬೇಗ ದಪ್ಪ ಮಾಡಬೇಕೆ? ಹುಟ್ಟುತೂಕ ಮತ್ತು ಸಕ್ಕರೆ ಕಾಯಿಲೆಯ ನಂಟು

ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಒಂದು ಹೇಳುತ್ತದೆ: ಕಡಿಮೆ ತೂಕದ ಮಗುವಿಗೆ ತಾಯಿಯ ಹಾಲು ಸಾಲುವುದಿಲ್ಲ, ಡಬ್ಬಿ ಪುಡಿ, ತುಪ್ಪ, ಬಾಳೆಹಣ್ಣು ಕೊಟ್ಟು ಮೂರು ತಿಂಗಳಲ್ಲಿ ಗುಂಡುಗುಂಡಾಗಿ ಮಾಡಿ. ಇನ್ನೊಂದು ಹೆದರಿಸುತ್ತದೆ: ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಗ್ಯಾರಂಟಿ. ಎರಡಕ್ಕೂ ಕೊನೆಯಲ್ಲಿ ‘ತಪ್ಪದೇ ಎಲ್ಲರಿಗೂ ಕಳಿಸಿ’ ಎಂದಿರುತ್ತದೆ.

ಸಿಂಧನೂರು, ಲಿಂಗಸೂಗೂರು, ಮಸ್ಕಿ ಭಾಗದ ಗೊರೇಬಾಳದಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಚೊಚ್ಚಲ ಹೆರಿಗೆಯಾಗಿದೆ, ಕೂಸು 2.1 ಕೆಜಿ. ಬಾಣಂತಿ ತವರಿನಲ್ಲಿದ್ದಾಳೆ. ನೋಡಲು ಬಂದವರೆಲ್ಲ ‘ಕೂಸು ಭಾಳ ಸಣ್ಣದೈತಲ್ಲವಾ’ ಅನ್ನುತ್ತಾರೆ. ಅಜ್ಜಿ ಎಮ್ಮೆಹಾಲು ಶುರು ಮಾಡೋಣ ಅನ್ನುತ್ತಾಳೆ, ಅಳಿಯ ಫೋನಿನಲ್ಲಿ ಬಂದ ಪುಡಿಯ ಹೆಸರು ತೋರಿಸುತ್ತಾನೆ, ಆಶಾ ಕಾರ್ಯಕರ್ತೆ ಎದೆಹಾಲು ಮಾತ್ರ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಆಶಾ ಹೇಳಿದ್ದು ಸರಿ. ಎರಡೂ ಸಂದೇಶಗಳಲ್ಲಿ ಒಂದು ಚೂರು ನಿಜ ಇದೆ, ಅದರ ಸುತ್ತ ಹೆಣೆದದ್ದು ಮಾತ್ರ ತಪ್ಪು. ಆ ಚೂರು ನಿಜದ ಒಂದು ಭಾಗ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ.

ಎಷ್ಟಿದ್ದರೆ ಕಡಿಮೆ ತೂಕ?

ಹುಟ್ಟಿದಾಗ 2.5 ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. 1.5 ಕೆಜಿಗಿಂತ ಕಡಿಮೆ ಇದ್ದರೆ ಬಹಳ ಕಡಿಮೆ ತೂಕ. ನಮ್ಮ ದೇಶದಲ್ಲಿ ತೂಕ ನೋಡಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಮಗು ಈ ಲೆಕ್ಕಕ್ಕೆ ಬರುತ್ತದೆ. ಅಂದರೆ ಇದು ಯಾವುದೋ ಒಂದು ಮನೆಯ ಅಪರೂಪದ ಕಷ್ಟವಲ್ಲ, ಪ್ರತಿ ಓಣಿಯಲ್ಲೂ ಇರುವ ಸಂಗತಿ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಒಂದು ಕೂಸು 34 ವಾರಕ್ಕೇ ಹುಟ್ಟಿ 2.2 ಕೆಜಿ ಇದೆ. ಇನ್ನೊಂದು 39 ವಾರ ತುಂಬಿ ಹುಟ್ಟಿಯೂ 2.2 ಕೆಜಿ ಇದೆ. ತಕ್ಕಡಿಗೆ ಎರಡೂ ಒಂದೇ. ಆದರೆ ಮೊದಲನೆಯದು ತನ್ನ ವಾರಕ್ಕೆ ಸರಿಯಾಗಿಯೇ ಬೆಳೆದಿದೆ, ಬೇಗ ಹೊರಬಂದಿದೆ ಅಷ್ಟೇ. ಎರಡನೆಯದು ಹೊಟ್ಟೆಯೊಳಗೆ ಪೂರ್ತಿ ದಿನ ಇದ್ದರೂ ಸಾಕಷ್ಟು ಪೋಷಣೆ ಸಿಗದೆ ಸಣ್ಣದಾಗಿದೆ. ಮೊದಲನೆಯದಕ್ಕೆ ತಕ್ಷಣದ ಚಿಂತೆ ಉಸಿರಾಟ, ಮೈಬಿಸಿ, ಹಾಲು ಚೀಪುವ ಶಕ್ತಿ. ಮುಂದೆ ಬರುವ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಮಾತು ಬಂದಾಗ ವಿಜ್ಞಾನಿಗಳು ಹೆಚ್ಚು ನೋಡಿದ್ದು ಎರಡನೆಯ ಬಗೆಯ ಮಕ್ಕಳನ್ನು. ತಾಯಿ ಕಾರ್ಡಿನಲ್ಲಿ ಹುಟ್ಟಿದ ವಾರ ಮತ್ತು ತೂಕ ಎರಡನ್ನೂ ಬರೆದಿದ್ದಾರೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ವರ್ಷಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಮೈಸೂರಿನ ಹಳೆಯ ದಫ್ತರ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಹೆರಿಗೆಯ ವಿವರ ಬರೆದಿಟ್ಟಿದ್ದರು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ. ಆ ಕಾಲಕ್ಕೆ ಇಷ್ಟು ಶಿಸ್ತಿನ ದಾಖಲೆ ಅಪರೂಪ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು 1989ರಲ್ಲಿ, ಹಾರ್ಟ್‌ಫರ್ಡ್‌ಶೈರ್‌ನ ಹಳೆಯ ದಾಖಲೆ ಹಿಡಿದು, ಸಣ್ಣಗೆ ಹುಟ್ಟಿದ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು ಹೆಚ್ಚು ಎಂದು ತೋರಿಸಿದ್ದರು. ನಮ್ಮ ದೇಶದಲ್ಲೂ ಹೀಗೆಯೇ ಇದೆಯೇ ಎಂದು ನೋಡಲು ಸಂಶೋಧಕರು ಮೈಸೂರಿಗೆ ಬಂದರು.

1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಊರಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಐದೂವರೆ ಪೌಂಡ್, ಅಂದರೆ ಸುಮಾರು 2.5 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡ್ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಗರ್ಭಿಣಿಯಾಗಿದ್ದಾಗ ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲೂ ಕಾಯಿಲೆ ಹೆಚ್ಚಿತ್ತು.

ಈ ಅಂಕಿಯನ್ನು ತಿರುಗಿಸಿಯೂ ಓದಬೇಕು. ಸಣ್ಣಗೆ ಹುಟ್ಟಿದ ನೂರು ಜನರಲ್ಲಿ 89 ಜನಕ್ಕೆ ಆ ಕಾಯಿಲೆ ಇರಲಿಲ್ಲ. ಅಪಾಯ ಹೆಚ್ಚು ಅನ್ನುವುದು ಒಂದು ಮಾತು, ಗ್ಯಾರಂಟಿ ಅನ್ನುವುದು ಬೇರೆ ಮಾತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರಿನ ದಫ್ತರ ಇನ್ನೂ ಸ್ವಾರಸ್ಯದ ಕಥೆ ಹೇಳಿತು. 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಬರೀ ಕಡಿಮೆ ತೂಕದವರಲ್ಲಲ್ಲ. ಹುಟ್ಟಿದಾಗ ಉದ್ದ ಕಡಿಮೆ, ಆ ಉದ್ದಕ್ಕೆ ಹೋಲಿಸಿದರೆ ಮೈ ದುಂಡಗೆ ಇದ್ದವರಲ್ಲಿ, ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ತಾಯಿಗೆ ಗರ್ಭಿಣಿಯಲ್ಲೇ ಸಕ್ಕರೆ ಅಂಶ ಏರಿದ್ದಿರಬಹುದು ಎಂಬ ಅನುಮಾನ ಬಂತು. ಅದನ್ನು ನೋಡಲೆಂದೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಮೈಸೂರು ಪಾರ್ಥೆನಾನ್’ ಎಂಬ ಹೊಸ ಅಧ್ಯಯನ ಶುರುವಾಯಿತು. ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಗರ್ಭಿಣಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿದ್ದು ಕಂಡಿತು.

ಹಾಗಾಗಿ ‘2.5 ಕೆಜಿಗಿಂತ ಕಡಿಮೆ ಇದ್ದರೆ ಸಕ್ಕರೆ ಕಾಯಿಲೆ ಗ್ಯಾರಂಟಿ’ ಎಂಬ ಸಂದೇಶ ಸುಳ್ಳು. ದಪ್ಪ ಹುಟ್ಟಿದರೆ ಚಿಂತೆಯೇ ಇಲ್ಲ ಎಂಬ ಅದರ ಒಳ ಅರ್ಥವೂ ಸುಳ್ಳು.

ಹೊಟ್ಟೆಯೊಳಗೆ ಏನಾಗುತ್ತದೆ?

ಭತ್ತದ ಗದ್ದೆಗೆ ಕಾಲುವೆ ನೀರು ಕಡಿಮೆ ಬಂದ ವರ್ಷ ರೈತ ಏನು ಮಾಡುತ್ತಾನೆ? ಇರುವ ನೀರನ್ನು ಮುಖ್ಯ ಮಡಿಗೆ ಬಿಟ್ಟು ಉಳಿದದ್ದನ್ನು ಒಣಗಲು ಬಿಡುತ್ತಾನೆ. ತುಂಗಭದ್ರಾ ಎಡದಂಡೆಯ ಕೊನೆಯ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೋಷಣೆ ಸಾಲದಿದ್ದಾಗ ಹೊಟ್ಟೆಯೊಳಗಿನ ಮಗುವಿನ ದೇಹವೂ ಹಾಗೆಯೇ ನಡೆದುಕೊಳ್ಳುತ್ತದೆ. ಮಿದುಳಿಗೆ ಮೊದಲ ಪಾಲು. ಸ್ನಾಯು, ಯಕೃತ್ತು, ಮೂತ್ರಪಿಂಡ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಗೆ ಉಳಿದದ್ದು.

ಮೂತ್ರಪಿಂಡದ ಸೋಸುವ ಘಟಕಗಳು ಗರ್ಭದ ಸುಮಾರು 36ನೇ ವಾರದ ಹೊತ್ತಿಗೆ ಎಷ್ಟು ಆಗಬೇಕೋ ಅಷ್ಟು ಆಗಿ ಮುಗಿಯುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಕಡಿಮೆ ಘಟಕದಲ್ಲಿ ಜೀವನಪೂರ್ತಿ ದುಡಿಯಬೇಕಾದ್ದರಿಂದ ಮುಂದೆ ರಕ್ತದೊತ್ತಡ ಏರುವ ಸಾಧ್ಯತೆ ಹೆಚ್ಚು. ಸ್ನಾಯು ಕಡಿಮೆ ಇದ್ದರೆ ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಹೀರಿಕೊಳ್ಳುವ ಜಾಗವೂ ಕಡಿಮೆ.

ಆದರೆ ಕೊಬ್ಬು? ಪುಣೆ ಹತ್ತಿರದ ಹಳ್ಳಿಗಳ ಶಿಶುಗಳನ್ನು ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿ ನೋಡಿತು. ನಮ್ಮವು ಸರಾಸರಿ 2.7 ಕೆಜಿ, ಅವರವು 3.5 ಕೆಜಿ. ಸ್ನಾಯು, ಹೊಟ್ಟೆಯ ಅಂಗಗಳು ಎಲ್ಲವೂ ನಮ್ಮ ಮಕ್ಕಳಲ್ಲಿ ಚಿಕ್ಕವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ತೆಳ್ಳಗಿರುವವರಿಗೂ ನಲವತ್ತರೊಳಗೆ ಸಕ್ಕರೆ ಕಾಯಿಲೆ ಬರುವುದನ್ನು ಕಂಡು ‘ಇವನಿಗೆ ಹೆಂಗ್ ಬಂತು’ ಅಂತ ಆಶ್ಚರ್ಯಪಡುತ್ತೇವಲ್ಲ, ಅದರ ಒಂದು ಬೇರು ಇಲ್ಲಿದೆ.

ಇಂಥ ಕೂಸಿಗೆ ಬೇಕಾದ್ದು ಸ್ನಾಯು, ಎಲುಬು, ಉದ್ದ. ಗುಂಡು ಕೆನ್ನೆಯಲ್ಲ.

ತೂಕ ಏರಬೇಕು, ಆದರೆ ಯಾವಾಗ?

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ದೆಹಲಿಯ ಅಧ್ಯಯನ. ಅಲ್ಲಿ ಹುಟ್ಟಿದಂದಿನಿಂದ ಮತ್ತೆ ಮತ್ತೆ ತೂಕ, ಎತ್ತರ ಅಳೆಯುತ್ತಾ ಬಂದಿದ್ದ 1,492 ಮಕ್ಕಳನ್ನು 26ರಿಂದ 32ನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಲ್ಲಿ ಇದ್ದವರ ಹಳೆಯ ಲೆಕ್ಕ ತೆಗೆದು ನೋಡಿದಾಗ ಒಂದು ದಾರಿ ಕಂಡಿತು. ಅವರು ಎರಡನೇ ವರ್ಷದವರೆಗೆ ಬೇರೆಯವರಿಗಿಂತ ತೆಳ್ಳಗಿದ್ದರು. ಆಮೇಲೆ ಎತ್ತರಕ್ಕೆ ಹೋಲಿಸಿದ ತೂಕ ಬೇಗ ಬೇಗ ಏರುತ್ತಾ ಹೋಗಿತ್ತು.

ಇಲ್ಲೊಂದು ಮಾತು ಗಮನಿಸಿ. ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ. ಶಾಲೆಯ ಫೋಟೋದಲ್ಲಿ ನೋಡಿದರೆ ಸಾಮಾನ್ಯ ಮಕ್ಕಳೇ. ಅವರ ತೂಕ ಜಾಸ್ತಿ ಅಂತ ಯಾರೂ ಹೇಳುತ್ತಿರಲಿಲ್ಲ. ತನ್ನದೇ ಹಳೆಯ ಮಟ್ಟಕ್ಕೆ ಹೋಲಿಸಿದರೆ ಮಾತ್ರ ಏರಿಕೆ ಜೋರಾಗಿತ್ತು.

ಭಾರತ ಸೇರಿ ಐದು ದೇಶಗಳ ಇಂಥ ದಾಖಲೆಗಳನ್ನು ಒಟ್ಟು ಹಾಕಿ 2013ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯೂ ಇದೇ ದಿಕ್ಕು ತೋರಿಸಿತು. ಮೊದಲ ಎರಡು ವರ್ಷ ಚೆನ್ನಾಗಿ ಉದ್ದ ಬೆಳೆದ ಮಕ್ಕಳು ದೊಡ್ಡವರಾದಾಗ ಎತ್ತರವಾಗಿದ್ದರು, ಹೆಚ್ಚು ವರ್ಷ ಶಾಲೆ ಓದಿದ್ದರು. ಎರಡು ವರ್ಷದ ನಂತರ ಎತ್ತರ ಬಿಟ್ಟು ಬರೀ ತೂಕ ಓಡಿದರೆ ಅಂಥ ಲಾಭ ಹೆಚ್ಚೇನೂ ಇಲ್ಲ, ಬೊಜ್ಜು ಮತ್ತು ರಕ್ತದೊತ್ತಡ ಮಾತ್ರ ಹೆಚ್ಚು.

ಇದನ್ನು ಯಾರೂ ತಪ್ಪಾಗಿ ತಿಳಿಯಬಾರದು. ‘ಮುಂದೆ ಸಕ್ಕರೆ ಬರುತ್ತೆ, ಅದಕ್ಕೇ ಕೂಸಿಗೆ ಕಡಿಮೆ ಕುಡಿಸಿ’ ಎಂದು ನಾವು ಹೇಳುತ್ತಿಲ್ಲ. ಮೊದಲ ಎರಡು ವರ್ಷ ಸಣ್ಣ ಕೂಸು ಬೆಳೆಯಲೇಬೇಕು. ಬೆಳೆಯದಿದ್ದರೆ ನ್ಯುಮೋನಿಯಾ, ಭೇದಿಗೆ ಜೀವವೇ ಹೋಗಬಹುದು. ನಲವತ್ತು ವರ್ಷದ ನಂತರದ ಕಾಯಿಲೆ ತಪ್ಪಿಸಲು ಹೋಗಿ ಈ ತಿಂಗಳು ಹಸಿವಿನಲ್ಲಿ ಇಡುವುದು ಹುಚ್ಚುತನ.

ಮೊದಲ ದಿನಗಳು: ಎದೆಹಾಲು, ಎದೆಯ ಬಿಸಿ

ಹೆರಿಗೆಯಾದ ಮೊದಲ ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲು ಬರುವ ಗಟ್ಟಿ ಹಳದಿ ಹಾಲನ್ನು ಕೆಲವರು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಾರೆ. ಸಣ್ಣ ಕೂಸಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಜೇನುತುಪ್ಪ, ಸಕ್ಕರೆ ನೀರು, ಗುಟ್ಟಿ, ಬಜೆ ಯಾವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಒಂದು ವರ್ಷದೊಳಗಿನ ಮಗುವಿನ ನರಗಳಿಗೆ ಪೆಟ್ಟು ಕೊಡಬಲ್ಲದು.

ಚೀಪುವ ಶಕ್ತಿ ಇಲ್ಲದಿದ್ದರೆ ತಾಯಿಯ ಹಾಲನ್ನೇ ಸ್ವಚ್ಛ ಬಟ್ಟಲಿಗೆ ಹಿಂಡಿ ಒಳಲೆ ಅಥವಾ ಚಮಚದಲ್ಲಿ ಕುಡಿಸಬಹುದು. ಬಾಟಲಿ ಬೇಡ. ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ. ಸಣ್ಣ ಕೂಸು ಹಸಿವಾದರೂ ಅಳದೆ ಮಲಗಿಬಿಡುತ್ತದೆ. ‘ಪಾಪ, ಶಾಂತ ಕೂಸು’ ಅಂದುಕೊಳ್ಳುವುದರಲ್ಲೇ ತೂಕ ಇಳಿದಿರುತ್ತದೆ.

ಇನ್ನೊಂದು ಮದ್ದಿಗೆ ಖರ್ಚೇ ಇಲ್ಲ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿಮೈ ಎದೆಯ ನಡುವೆ ನೆಟ್ಟಗೆ ಇಟ್ಟು, ಮೇಲೆ ಬಟ್ಟೆ ಕಟ್ಟುವುದು. ತಲೆ ಒಂದು ಪಕ್ಕಕ್ಕೆ, ಗದ್ದ ತುಸು ಮೇಲಕ್ಕೆ, ಉಸಿರಾಟಕ್ಕೆ ಅಡ್ಡಿಯಾಗದಂತೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ದಿನಕ್ಕೆ ಕನಿಷ್ಠ 8 ಗಂಟೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿಗೆ ಸುಸ್ತಾದಾಗ ಅಪ್ಪ, ಅಜ್ಜಿ ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಅಪ್ಪನ ಎದೆಯೂ ಅಷ್ಟೇ ಬಿಸಿ ಇರುತ್ತದೆ, ನಾಚಿಕೆ ಪಡುವಂಥದ್ದೇನಿಲ್ಲ.

ಇದು ದೂರದ ದೇಶದ ಮಾತಲ್ಲ. ಸಿಂಧನೂರಿನ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ 2 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಮಾಡಿಸಿ ತೋರಿಸಿದ್ದಾರೆ. ಹರಿಯಾಣದಲ್ಲಿ 1.5ರಿಂದ 2.25 ಕೆಜಿ ತೂಕದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯಲ್ಲೇ ಕಾಂಗರೂ ಆರೈಕೆ ಕಲಿಸಿದ ಗುಂಪಿನಲ್ಲಿ ಮೊದಲ ಆರು ತಿಂಗಳ ಸಾವು ನಾಲ್ಕನೇ ಒಂದು ಭಾಗ ಕಡಿಮೆಯಾಯಿತು.

ಹುಟ್ಟಿದ ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಆಸುಪಾಸಿನಲ್ಲಿ ಹುಟ್ಟುತೂಕಕ್ಕೆ ವಾಪಸು ಬರುತ್ತದೆ, ಬೇಗ ಹುಟ್ಟಿದ ಕೂಸಿಗೆ ಮೂರು ವಾರವೂ ಹಿಡಿಯಬಹುದು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಎದೆಹಾಲು ಸಾಲುತ್ತಿದೆ ಎಂದೇ ಅರ್ಥ. ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸಬೇಡಿ. ಬೇಗ ಹುಟ್ಟಿದ್ದರೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಲೆಕ್ಕ ಹಾಕಬೇಕು.

ಹೆರಿಗೆ ಆಸ್ಪತ್ರೆಯಲ್ಲಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ತಕ್ಕಡಿ ತಂದು ತೂಕ ನೋಡಿ, ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ಕೂಸು ಹಾಲು ಬಿಟ್ಟರೆ, ಮೈ ಅಥವಾ ಅಂಗಾಲು ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಡಬ್ಬಿ ಪುಡಿ, ಎಮ್ಮೆಹಾಲು

ಕೆಲವು ಮಕ್ಕಳಿಗೆ, ಅದರಲ್ಲೂ ಬಹಳ ಬೇಗ ಹುಟ್ಟಿದವರಿಗೆ, ವೈದ್ಯರೇ ಎದೆಹಾಲಿಗೆ ಸೇರಿಸುವ ಪುಡಿ ಬರೆದುಕೊಡುತ್ತಾರೆ. ಅದು ಚಿಕಿತ್ಸೆ. ವಾಟ್ಸಾಪ್ ನೋಡಿ ಅಂಗಡಿಯಲ್ಲಿ ತರುವ ಡಬ್ಬಿ ಬೇರೆ. ಶಿಶು ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. ಟಿವಿಯಲ್ಲಿ ಬರದ ಮಾತು ಫಾರ್ವರ್ಡ್ ಆಗಿ ಬಂದರೆ ಒಂದು ಸಲ ಅನುಮಾನಿಸುವುದು ಒಳ್ಳೆಯದು. ಪುಡಿ ಹೆಚ್ಚು ದಿನ ಬರಲೆಂದು ನೀರು ಜಾಸ್ತಿ ಬೆರೆಸುವುದು, ಬಾಟಲಿ ಸರಿಯಾಗಿ ಕುದಿಸದಿರುವುದು, ಎರಡೂ ಭೇದಿಗೆ ದಾರಿ.

ಹಸುವಿನ ಹಾಲು, ಎಮ್ಮೆಹಾಲು ಒಂದು ವರ್ಷದೊಳಗೆ ಮುಖ್ಯ ಆಹಾರವಾಗಬಾರದು. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಸಣ್ಣಗೆ ಹುಟ್ಟಿದ ಕೂಸು ತಾಯಿಯಿಂದ ತಂದ ಕಬ್ಬಿಣದ ಗಂಟೇ ಚಿಕ್ಕದು, ಬೇಗ ಖಾಲಿಯಾಗುತ್ತದೆ. ಅದಕ್ಕೇ ಇಂಥ ಮಕ್ಕಳಿಗೆ ಕಬ್ಬಿಣದ ಹನಿ, ವಿಟಮಿನ್ ಡಿ ಹನಿ ಬೇಕಾಗುತ್ತವೆ. ಯಾವಾಗ ಶುರು, ಎಷ್ಟು ಹನಿ ಎಂಬುದನ್ನು ಮಕ್ಕಳ ವೈದ್ಯರು ತೂಕ ನೋಡಿ ಹೇಳುತ್ತಾರೆ.

ಆರು ತಿಂಗಳಾದ ಮೇಲೆ

ಎದೆಹಾಲಿನ ಜೊತೆಗೆ ಊಟ ಶುರು. ನೀರು ನೀರಾದ ಬೇಳೆಕಟ್ಟು, ತೆಳು ಗಂಜಿ ಹೊಟ್ಟೆ ತುಂಬಿಸುತ್ತವೆ, ಮೈ ಬೆಳೆಸುವುದಿಲ್ಲ. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಬೇಕು. ಅನ್ನ ಹೆಸರುಬೇಳೆ ನುಣ್ಣಗೆ ಹಿಸುಕಿ ಒಂದು ಚಮಚ ತುಪ್ಪ ಅಥವಾ ಎಣ್ಣೆ, ಜೋಳದ ನುಚ್ಚಿಗೆ ಬೇಳೆ, ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾ, ಬೇಯಿಸಿದ ತತ್ತಿ, ಮೊಸರು, ಸೊಪ್ಪು. ಸ್ನಾಯು ಮತ್ತು ಎತ್ತರ ಬೆಳೆಯುವುದು ಬೇಳೆ, ತತ್ತಿ, ಹಾಲಿನಂಥ ಪ್ರೋಟೀನಿನಿಂದ. ಚಹಾದಲ್ಲಿ ಅದ್ದಿದ ಬಿಸ್ಕೀಟಿನಿಂದ ಬರುವುದು ಕೊಬ್ಬು, ಜೊತೆಗೆ ಚಹಾ ಇರುವ ಕಬ್ಬಿಣಾಂಶವನ್ನೂ ಮೈಗೆ ಹತ್ತಲು ಬಿಡುವುದಿಲ್ಲ.

ಅಂಗನವಾಡಿಯಲ್ಲಿ ತೂಕದ ಜೊತೆ ಉದ್ದವನ್ನೂ ಅಳೆಯಿಸಿ. ಎರಡೂ ಜೊತೆಜೊತೆಗೆ ಏರುತ್ತಿದ್ದರೆ ನೆಮ್ಮದಿ. ಎರಡು ವರ್ಷ ದಾಟಿದ ಮೇಲೆ ತೂಕ ಒಂದೇ ಜಿಗಿಯುತ್ತಿದ್ದರೆ ‘ಈಗ ಮೈ ಹಿಡೀತು’ ಎಂದು ಹಿಗ್ಗುವ ಮೊದಲು, ಐದು ರೂಪಾಯಿ ಪ್ಯಾಕೆಟ್ಟು ದಿನಕ್ಕೆ ಎಷ್ಟು, ಮೊಬೈಲ್ ಹಿಡಿದು ಕೂರುವುದು ಎಷ್ಟು ಹೊತ್ತು ಎಂದು ನೋಡಿ. ಸಣ್ಣಗೆ ಹುಟ್ಟಿದವನೆಂಬ ಕನಿಕರದಿಂದ ಆ ಪ್ಯಾಕೆಟ್ಟು ಹೆಚ್ಚು ಸಿಗುವುದು ಇಂಥ ಮಕ್ಕಳಿಗೇ.

ನಾನೇ ಸಣ್ಣಗೆ ಹುಟ್ಟಿದ್ದೆ, ಈಗೇನು?

ಹೆದರಬೇಕಿಲ್ಲ, ಗೊತ್ತಿದ್ದರೆ ಸಾಕು. ತೆಳ್ಳಗಿದ್ದೀರಿ ಎಂದು ಸಕ್ಕರೆ, ಬಿಪಿ ಪರೀಕ್ಷೆ ಬಿಡಬೇಡಿ. 30 ತುಂಬಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಸೊಂಟದ ಸುತ್ತಳತೆ ನೋಡಿಕೊಳ್ಳಿ, ತಂಬಾಕು ಗುಟ್ಕಾ ಬಿಡಿ, ಮೈ ದಣಿಯುವ ಕೆಲಸ ಮಾಡಿ.

ನೀವು ಗರ್ಭಿಣಿಯಾಗಿದ್ದರೆ ಇನ್ನೊಂದು ಮಾತು. ಸಣ್ಣಗೆ ಹುಟ್ಟಿ ಸಣ್ಣಗೇ ಬೆಳೆದ ಹೆಣ್ಣುಮಗಳಿಗೆ ಹುಟ್ಟುವ ಕೂಸೂ ಸಣ್ಣದಾಗುವ ಸಾಧ್ಯತೆ ಹೆಚ್ಚು. ‘ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ’ ಎಂದು ತಟ್ಟೆಯಲ್ಲಿ ಅರ್ಧ ಬಿಡಿಸುವವರ ಮಾತು ಕೇಳಬೇಡಿ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಇದೆ. ಅದು ಮನೆಯ ಊಟದ ಬದಲಿಗಲ್ಲ, ಜೊತೆಗೆ. ಕಬ್ಬಿಣದ ಗುಳಿಗೆ ತಪ್ಪಿಸಬೇಡಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ನಾಟಿಯ ದಿನಗಳಲ್ಲಿ ಏಳೆಂಟು ತಿಂಗಳ ಬಸುರಿಯನ್ನು ಇಡೀ ದಿನ ಬಗ್ಗಿ ದುಡಿಯಲು ಗದ್ದೆಗೆ ಕಳಿಸಬಾರದೆಂದು ಮನೆಯವರಿಗೆ ಆಶಾ ಕೈಲಿ ಹೇಳಿಸಿದರೂ ತಪ್ಪಿಲ್ಲ. ಮನೆಯವಳ ಮಾತಿಗಿಂತ ಕಾರ್ಡು ಹಿಡಿದು ಬಂದವರ ಮಾತಿಗೆ ಕೆಲವು ಮಾವಂದಿರು ಬೇಗ ತಲೆದೂಗುತ್ತಾರೆ.